ಹೆಗಲ ಮೇಲಿನ ಹಸಿರು ತೇಪೆ

ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಮೇಲೆ ಏನು ಬರೆದಿದೆಯೋ ಅದು ಆ ಡಬ್ಬಿಯ ಒಳಗೆ ಇರುವುದಿಲ್ಲ. ಚಹಾಪುಡಿ ಎಂದು ಬರೆದದ್ದರಲ್ಲಿ ಹುಣಸೆಹಣ್ಣು ಇದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ ಇದೆ. ಬಿಸ್ಕತ್ತು ಎಲ್ಲಿದೆ ಎಂದು ಇಲ್ಲಿ ಬರೆದರೆ ನೀವು ಮೊಮ್ಮಕ್ಕಳು ಓದಿಬಿಡುತ್ತೀರಿ, ಆದ್ದರಿಂದ ಬರೆಯುವುದಿಲ್ಲ. ನನ್ನ ಸೊಸೆ ಶೈಲಾ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕುಳಿತು ಎಲ್ಲ ಡಬ್ಬಿಗಳಿಗೂ ಚಂದದ ಅಕ್ಷರದಲ್ಲಿ ಚೀಟಿ ಅಂಟಿಸಿದಳು. ಚೀಟಿಗಳು ಅಂಟಿದಲ್ಲೇ ಉಳಿದವು, ಒಳಗಿನ ಸಾಮಾನು ಮಾತ್ರ ಸಂತೆಯಿಂದ ಸಂತೆಗೆ ಮನೆ ಬದಲಿಸಿತು. ನನಗೇನೂ ತೊಂದರೆಯಾಗಲಿಲ್ಲ. ನಾನು ಓದಿ ಹುಡುಕುವವಳಲ್ಲ, ನೋಡಿ ಹುಡುಕುವವಳು. ಸೊಂಟ ನೆಗ್ಗಿದ್ದು ಸಾಸಿವೆ, ಮುಚ್ಚಳ ಓರೆಯಾದದ್ದು ಜೀರಿಗೆ, ಹಿಂದೆ ಮುಖ ಮಾಡಿ ಸಿಟ್ಟಿನಲ್ಲಿ ನಿಂತ ಹಾಗೆ ಕಾಣುವುದು ಮೆಣಸಿನಪುಡಿ. ಚಿಕ್ಕೇರೂರಿನ ಶಾಲೆಯಲ್ಲಿ ಏಳನೆಯ ಇಯತ್ತೆ ದಾಟದವಳ ಬುದ್ಧಿ ಇಷ್ಟೇ ಎಂದು ಅಂದುಕೊಂಡಿದ್ದೆ. ಈಗ ಕಂಪ್ಯೂಟರ್ ಕೂಡ ಹೀಗೇ ಹುಡುಕುವುದನ್ನು ಕಲಿತಿದೆ ಎಂದು ಸವಣೂರಿನಲ್ಲಿ ಕಣ್ಣಾರೆ ಕಂಡ ಮೇಲೆ, ಅದರ ಮೇಲೆ ನನಗೆ ನಮ್ಮ ತವರಿನವರ ಮೇಲೆ ಇರುವಷ್ಟು ಅಭಿಮಾನ ಹುಟ್ಟಿದೆ.

ಆದದ್ದು ನಿಮ್ಮ ಅಜ್ಜನ ಫೋಟೋದಿಂದ. ಪಡಸಾಲೆಯ ಗೋಡೆಯ ಮೇಲೆ ಇತ್ತಲ್ಲ, ಅದು. ಅವರು ಹೋದಾಗ ಮನೆಯಲ್ಲಿ ಅವರದೊಂದು ನೆಟ್ಟಗಿನ ಫೋಟೋ ಸಿಗಲಿಲ್ಲ. ಯಾವುದೋ ಕಾರ್ಡಿನ ಮೇಲಿದ್ದ ಬೆರಳಗಲದ ಮುಖವನ್ನೇ ದೊಡ್ಡದು ಮಾಡಿಸಿ ಹಾಕಿದೆವು. ಆ ಕಾರ್ಡಿನ ಫೋಟೋ ತೆಗೆದವನು "ಅಲುಗಾಡಬ್ಯಾಡ್ರಿ" ಎಂದಿದ್ದನಂತೆ. ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸುವ ಮನುಷ್ಯ, ಉಸಿರನ್ನೂ ಅಲುಗಾಡಿಸಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕಣ್ಣು ಇಷ್ಟಗಲ ತೆರೆದು, ಹೊಲಕ್ಕೆ ನುಗ್ಗಿದ ಎಮ್ಮೆಯನ್ನು ನೋಡುವವರ ಹಾಗೆ ನೋಡುತ್ತಿದ್ದರು. ಅದು ದೊಡ್ಡದಾದ ಮೇಲೆ ಸಿಟ್ಟೂ ಅಷ್ಟೇ ದೊಡ್ಡದಾಯಿತು.

ಶೈಲಾಗೆ ಆ ಫೋಟೋದಿಂದ ದೊಡ್ಡ ಉಪಕಾರವಾಗಿತ್ತು. ಅವಳ ಮಗಳು ಗೌರಿ, ನಿಮ್ಮೆಲ್ಲರಿಗಿಂತ ಚಿಕ್ಕವಳು, ಊಟಕ್ಕೆ ಕುಳಿತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. "ಉಣ್ಣತಿಯೋ, ಅಜ್ಜಗ ಹೇಳ್ಲೋ?" ಎಂದು ಶೈಲಾ ಗೋಡೆಯ ಕಡೆ ಬೆರಳು ತೋರಿಸಿದರೆ ಸಾಕು, ರೊಟ್ಟಿ ತಾನಾಗಿ ಒಳಗೆ ಹೋಗುತ್ತಿತ್ತು. ನಾನೂ ನಗುತ್ತಿದ್ದೆ. ಅಜ್ಜನನ್ನು ಕಾಣದ ಕೂಸು, ಅವಳು ಹುಟ್ಟುವ ಮೊದಲೇ ಅವರು ಹೋದವರು, ಹೀಗಾದರೂ ಪರಿಚಯವಿರಲಿ ಎಂದು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಗೌರಿ ಒಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು, ಗೋಡೆಗೆ ಕೇಳಿಸಬಾರದೆಂದು ದನಿ ಸಣ್ಣ ಮಾಡಿ ಕೇಳಿದಳು: "ಅಜ್ಜೀ, ಅಜ್ಜ ನಿನಗ ಭಾಳ ಹೊಡೀತಿದ್ನೇನ?"

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಹೊಡೆಯುವುದಿರಲಿ, ನಿಮ್ಮ ಅಜ್ಜ ಎತ್ತಿಗೆ ಬಾರುಕೋಲು ತೋರಿಸಿದ ಮೇಲೆ ಸಂಜೆ ಅದರ ಗಂಗೆದೊಗಲು ಕೆರೆಯುತ್ತ ಸಮಾಧಾನ ಹೇಳುವವರು. ಅವರು ನಕ್ಕರೆ ಮೈಯೆಲ್ಲ ನಗುತ್ತಿತ್ತು. ಮುಂದಿನ ಹಲ್ಲು ಬಿದ್ದ ಮೇಲಂತೂ ನಗು ಹೊರಗೆ ಬರಲು ದಾರಿ ಇನ್ನೂ ಅಗಲವಾಯಿತು. ನಗುವಾಗ ಪಕ್ಕದಲ್ಲಿ ಕುಳಿತವರ ತೊಡೆಗೆ ಪಟಪಟ ಬಡಿಯುವ ರೂಢಿ. ಗೊತ್ತಿದ್ದವರು ತುಸು ದೂರ ಕೂರುತ್ತಿದ್ದರು. ಇಂಥವರು ನನ್ನ ಮೊಮ್ಮಗಳ ತಲೆಯಲ್ಲಿ ಹೆಂಡತಿಗೆ ಹೊಡೆಯುವ ಅಜ್ಜನಾಗಿ ಉಳಿಯುವುದೇ? ಅವರ ಈ ವರ್ಷದ ಪುಣ್ಯತಿಥಿಯ ಪೂಜೆಯೊಳಗೆ ಆ ಫೋಟೋ ಇಳಿದು, ನಗುವ ಫೋಟೋ ಏರಬೇಕು ಎಂದು ಅಂದೇ ಹಟ ಹಿಡಿದೆ. ನಾನು ಹಟ ಹಿಡಿದದ್ದು ಕಡಿಮೆ. ಆದ್ದರಿಂದ ಮನೆಯವರಿಗೆ ಅದು ಹಟ ಎಂದು ತಿಳಿಯಲೇ ತುಸು ಹೊತ್ತು ಬೇಕಾಯಿತು.

"ನಗೋ ಫೋಟೋ ಎಲ್ಲೈತ್ರಿ ಅತ್ತಿ?" ಎಂದಳು ಶೈಲಾ. ಆಮೇಲೆ ಅವಳೇ ಫೋನು ತಂದಳು. ಬೀಗರು-ಬಿಜ್ಜರೆಲ್ಲ ಹಾಕಿದ ಫೋಟೋಗಳು ಅದರಲ್ಲಿ ರಾಶಿ ಬಿದ್ದಿದ್ದವು. "ಹೆಸರು ಹೇಳ್ರಿ, ಯಾರರ ಹೆಸರು ಬರದು ಹಾಕಿದ್ರ ಅದ ಹುಡುಕಿ ಕೊಡತೈತಿ" ಎಂದು ನನ್ನ ಬಾಯಿಯ ಮುಂದೆ ಹಿಡಿದಳು.

ಹೆಸರು! ಮದುವೆಯಾಗಿ ಈ ಮನೆಯ ಹೊಸ್ತಿಲ ಮುಂದೆ ನಿಂತಾಗ, ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಯೇ ಒಳಗೆ ಬಾ ಎಂದು ಹೆಂಗಸರೆಲ್ಲ ಅಡ್ಡಗಟ್ಟಿದ್ದರು. ನಾನು ನಾಚಿಕೊಂಡು ನಿಂತೆ, ನಿಂತೇ ಇದ್ದೆ. ಕಡೆಗೆ ಅಡ್ಡಗಟ್ಟಿದವರಿಗೇ ಹಸಿವಾಗಿ ದಾರಿ ಬಿಟ್ಟರು. ಅಂದು ಹೇಳದ ಹೆಸರನ್ನು ಆಮೇಲೆ ಎಂದೂ ಹೇಳಿಲ್ಲ. ಈಗ ಫೋನಿಗೆ ಹೇಳುವುದೇ? "ನೀನ ಹೇಳವಾ" ಎಂದೆ. "ಅಯ್ಯ, ಮಾವನ ಹೆಸರು ನಾ ಹೆಂಗ ಹೇಳ್ಲಿ? ನಮ್ಮವ್ವ ಕೇಳಿದ್ರ ಸುಮ್ನ ಬಿಡ್ತಾಳೇನ್ರಿ?" ಎಂದಳು ಅವಳು. ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತೆವು. ಫೋನು ಕಿವಿ ತೆರೆದುಕೊಂಡು ಕಾದು ಕಾದು ತಾನೇ ಆರಿಹೋಯಿತು.

ಹೆಸರು ಬೇಡ, ಗುರುತು ಹೇಳೋಣ ಎಂದಳು ಶೈಲಾ. ನಾನು ಹೇಳಿದೆ: "ಬಿಳಿ ರುಮಾಲು. ಮೀಸಿ. ಎಣ್ಣಿಗೆಂಪು ಬಣ್ಣ. ವಯಸ್ಸಾದವರು." ಫೋನು ತಡಮಾಡದೆ ಬಿಳಿ ರುಮಾಲು, ಮೀಸೆ, ಎಣ್ಣೆಗೆಂಪು ಬಣ್ಣದ ವಯಸ್ಸಾದವರನ್ನೆಲ್ಲ ಕರೆತಂದು ಸಾಲಾಗಿ ನಿಲ್ಲಿಸಿತು. ನಮ್ಮ ಭಾಗದ ಅರ್ಧ ಗಂಡಸರು ಅಲ್ಲಿದ್ದರು. ನಮ್ಮವರೊಬ್ಬರನ್ನು ಬಿಟ್ಟು. ನನ್ನ ಮದುವೆಗೆ ಮೊದಲು ಮಧ್ಯಸ್ಥಿಕೆಯವನು ನನ್ನ ಅಪ್ಪನಿಗೆ ವರನ ಗುರುತು ಹೇಳಿದ್ದೂ ಹೀಗೇ: ಎತ್ತರದ ಆಳು, ಮಾತು ಕಡಿಮೆ, ಮುಖದಲ್ಲಿ ಕಳೆ. ಕಳೆಯೊಂದು ಇತ್ತು ನೋಡಿ, ಉಳಿದೆರಡೂ ಬೇರೆ ಯಾರ ಮನೆಗೋ ಹೋಗಿದ್ದವು. ಸಂಜೆ ನನ್ನ ಮಗ ಹೊಲದಿಂದ ಬಂದು, ಒಂದಿಷ್ಟೂ ನಾಚದೆ, ಅಪ್ಪನ ಹೆಸರನ್ನು ಫೋನಿಗೆ ಗಟ್ಟಿಯಾಗಿ ಹೇಳಿದ. ಆ ಹೆಸರಿನವರು ರಟ್ಟೀಹಳ್ಳಿಯಿಂದ ಹಾನಗಲ್ಲಿನವರೆಗೆ ಓಣಿಗೊಬ್ಬರಿದ್ದಾರೆ. ಅವರೆಲ್ಲ ಬಂದರು. ನಮ್ಮವರು ಬರಲಿಲ್ಲ.

ಆಗ ಶೈಲಾಗೆ ನೆನಪಾದವಳು ರೇಷ್ಮಾ. ಹಾನಗಲ್ಲಿನ ಕಾಲೇಜಿನಲ್ಲಿ ಇವಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳು. ಈಗ ಸವಣೂರಿನಲ್ಲಿ ಅಪ್ಪನ ಫೋಟೋ ಸ್ಟುಡಿಯೋ ನಡೆಸುತ್ತಾಳೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆಯ ಮದುವೆಗಳಲ್ಲಿ ಅವಳ ಅಪ್ಪನೇ ಫೋಟೋ ತೆಗೆಯುತ್ತಿದ್ದುದು, ನಮ್ಮ ಬೀಗರ ಮದುವೆಗಳೂ ಸೇರಿ. ಹಳೆಯದನ್ನೆಲ್ಲ ಅವಳು ಕಂಪ್ಯೂಟರಿಗೆ ತುಂಬಿಸಿದ್ದಾಳಂತೆ. ನಾನು, ಶೈಲಾ, ಗೌರಿ ಹೊರಟೆವು. ಗೋಡೆಯ ಫೋಟೋ ಚೀಲದಲ್ಲಿ. ಗೌರಿಗೆ ಬಸ್ಸಿನಲ್ಲಿ ನಿದ್ದೆ ಬರುತ್ತದೆ, ಹೊದೆಯಲು ಒಂದು ಕೌದಿ ನನ್ನ ಕಂಕುಳಲ್ಲಿ. ಹಿರೇಕೆರೂರು ದಾಟುವಾಗ ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೀಟಿಗೆ ಕಾರ್ಡು ಕೇಳಿದ. ಕಾರ್ಡು ನೋಡಿದ, ನನ್ನ ನೋಡಿದ, ಮತ್ತೆ ಕಾರ್ಡು ನೋಡಿದ. "ಇದು ನೀವ ಏನ್ರಿ ಅಮ್ಮಾರ?" ಎಂದ. ಇರಬಹುದು ಎಂದೆ. ನನಗೂ ಅಷ್ಟು ಖಾತ್ರಿ ಇರಲಿಲ್ಲ. ಆ ಫೋಟೋ ತೆಗೆಯುವ ಹೊತ್ತಿಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಅರ್ಧ ಮುಖವಷ್ಟೇ ಸರಕಾರಕ್ಕೆ ಸಿಕ್ಕಿದೆ.

ರೇಷ್ಮಾ ಚಹಾ ತರಿಸಿದಳು, ಸವಣೂರಿನ ಖಾರಾ ತರಿಸಿದಳು, ಗೌರಿಯನ್ನು ಬೆಂಚಿನ ಮೇಲೆ ಕೌದಿ ಹಾಸಿ ಮಲಗಿಸಿದಳು. ಆಮೇಲೆ ನಗುತ್ತ ಹೇಳಿದಳು: "ನಮ್ಮ ಅಬ್ಬಾ ಫೋಟೋ ಚಲೋ ತಗೀತಿದ್ರು ಅಮ್ಮಾರ. ಹೆಸರಿಡೋದು ಮಾತ್ರ ಕೇಳಬ್ಯಾಡ್ರಿ." ಕಂಪ್ಯೂಟರ್ ತೆರೆದು ತೋರಿಸಿದಳು. ಒಂದೊಂದು ಮದುವೆಯ ಫೋಟೋಗಳ ಗಂಟಿಗೂ ಅವಳ ಅಪ್ಪ ಒಂದೊಂದು ಹೆಸರು ಬರೆಸಿದ್ದರು: ಮಳೆ ಬಂದ ಮದುವೆ. ಕರೆಂಟು ಹೋದ ಮದುವೆ. ಬದನಿಕಾಯಿ ಪಲ್ಯ ಚಲೋ ಇದ್ದ ಮದುವೆ. ಮದುಮಗ ಮುನಿಸಿಕೊಂಡ ಮದುವೆ. ಅದರ ಕೆಳಗೆ, ಮತ್ತ ಮುನಿಸಿಕೊಂಡ ಮದುವೆ. ನಮ್ಮ ಅಡುಗೆಮನೆಯ ಡಬ್ಬಿಗಳನ್ನು ನೆನೆದು ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

"ಇದರಾಗ ಹೆಂಗ ಹುಡುಕ್ತೀಯವಾ?" ಎಂದೆ.

"ಹೆಸರು ಬ್ಯಾಡ್ರಿ ನನಗ, ಮುಖ ಕೊಡ್ರಿ" ಎಂದಳು.

ಹೆಸರು ಬೇಡ ಎಂದಳಲ್ಲ, ಅಲ್ಲೇ ನಾನು ಆ ಯಂತ್ರಕ್ಕೆ ಮನಸೋತೆ. ಗೋಡೆಯ ಫೋಟೋವನ್ನು ಅವಳು ಒಂದು ಗಾಜಿನ ಮೇಲೆ ಬೋರಲಿಟ್ಟಳು, ಯಾವುದೋ ಗುಂಡಿ ಒತ್ತಿದಳು. ಯಂತ್ರ ಚಿತ್ರವನ್ನು ಓದುವುದಿಲ್ಲವಂತೆ. ಬಣ್ಣ ಎಲ್ಲಿ ತಿರುಗುತ್ತದೆ, ಗೆರೆ ಎಲ್ಲಿ ಬಾಗುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿ, ಅದನ್ನೆಲ್ಲ ಲೆಕ್ಕ ಮಾಡಿ ಇಟ್ಟುಕೊಂಡು, ಅಂಥದೇ ಲೆಕ್ಕ ಬೇರೆ ಯಾವ ಚಿತ್ರದಲ್ಲಿದೆ ಎಂದು ಸಾವಿರಾರು ಚಿತ್ರಗಳ ನಡುವೆ ತಡಕಾಡುತ್ತದಂತೆ. ನಾನು ಇನ್ನೂ ಚಹಾದ ಕಪ್ಪು ಕೆಳಗಿಟ್ಟಿರಲಿಲ್ಲ, ಅವರು ಬಂದರು. ಒಂದಲ್ಲ, ಪರದೆಯ ತುಂಬ ಅವರೇ. ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಆದರೆ ಯಂತ್ರ ಬಲು ಪ್ರಾಮಾಣಿಕ. ಸಿಟ್ಟಿನ ಮುಖ ಕೊಟ್ಟರೆ ಸಿಟ್ಟಿನ ಮುಖವನ್ನೇ ತಂದಿತು. ಅಕ್ಷತೆ ಹಾಕಿ ನಿಂತ ಸಿಟ್ಟು, ಬೀಗರ ನಡುವೆ ನಿಂತ ಸಿಟ್ಟು, ಆಹೇರಿಯ ಉಡುಗೊರೆ ಹಿಡಿದುಕೊಂಡ ಸಿಟ್ಟು. ಕ್ಯಾಮೆರಾ ಕಂಡೊಡನೆ ಅವರು ಪೊಲೀಸರೆದುರು ನಿಂತವರಂತೆ ಆಗುತ್ತಿದ್ದರು. ಅವರು ನಗುತ್ತಿದ್ದುದು ಕ್ಯಾಮೆರಾ ಇದೆಯೆಂದು ಗೊತ್ತಿಲ್ಲದಾಗ. ಗೊತ್ತಿಲ್ಲದಾಗ ಮುಖ ಎಲ್ಲೋ ತಿರುಗಿರುತ್ತದೆ. "ಓರೆ ಮುಖ, ಅದೂ ಬಾಯಿ ತಗದು ನಕ್ಕಿದ್ದು ಇದಕ್ಕ ಸಿಗವಲ್ದು ಅಮ್ಮಾರ" ಎಂದಳು ರೇಷ್ಮಾ. ಶೈಲಾ ನಿಟ್ಟುಸಿರಿಟ್ಟಳು. "ಇರ್ಲಿ ಬಿಡ್ರಿ ಅತ್ತಿ, ಇದ್ದುದರಾಗ ಸ್ವಲ್ಪ ಸಿಟ್ಟು ಕಮ್ಮಿ ಇರೋದು ಆರಿಸೋಣು."

ನನಗೆ ಅಳು ಬಂದಂತಾಯಿತು. ಅಳು ಬಂದಾಗ ನಾನು ಏನಾದರೊಂದು ಬಟ್ಟೆಯನ್ನು ನೇವರಿಸುತ್ತ ಕೂರುತ್ತೇನೆ. ಕೈಗೆ ಸಿಕ್ಕಿದ್ದು ಗೌರಿಯ ಕೌದಿ. ನಿಮಗೆ ಗೊತ್ತಿದೆ, ನಮ್ಮಲ್ಲಿ ಹಳೆಯ ಸೀರೆ, ಧೋತರ, ಅಂಗಿ ಯಾವುದನ್ನೂ ಬಿಸಾಡುವುದಿಲ್ಲ, ಎಲ್ಲ ಕೌದಿಯೊಳಗೆ ಸೇರುತ್ತವೆ. ಗೌರಿಯ ಕೆನ್ನೆಯ ಕೆಳಗೆ ಒಂದು ಬಿಳಿ ತುಂಡು, ಅದರ ನಡುವೆ ಹಸಿರು ಖಣದ ತೇಪೆ. ಅದು ಅವರ ಹೆಗಲ ಮೇಲಿನ ವಸ್ತ್ರ.

ಅದರ ಕಥೆಯನ್ನು ಹೇಳಲು ನಾಚಿಕೆ. ಆದರೂ ಹೇಳುತ್ತೇನೆ, ಓದುವಾಗ ನನ್ನ ಮುಖ ನೋಡಬೇಡಿ. ಆ ವಸ್ತ್ರ ಬೇಲಿಗೆ ಸಿಕ್ಕು ಹರಿದಾಗ ನಾನು ನನ್ನ ಹಳೆಯ ಕುಪ್ಪಸದ ತೋಳಿನ ತುಂಡು ಹಚ್ಚಿ ಹೊಲಿದಿದ್ದೆ. ಮನೆಯಲ್ಲಿ, ಹೊಲದಲ್ಲಿ ಹೊದೆಯಲಿ ಎಂದು. ಕತ್ತರಿ ಮೊಂಡಾಗಿತ್ತು, ತೇಪೆ ಚೌಕವಾಗಲಿಲ್ಲ, ವೀಳ್ಯದೆಲೆಯ ಹಾಗೆ ಒಂದು ಕಡೆ ಚೂಪಾಯಿತು. ಇವರು ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಮದುವೆಗೆ ಹೊರಟರು! ಒಂದು ಮದುವೆಯಲ್ಲ, ಎಲ್ಲ ಮದುವೆಗೆ. ಪೆಟ್ಟಿಗೆಯಲ್ಲಿ ಹೊಸ ವಸ್ತ್ರ ಇತ್ತು. "ಊರ ಮಂದಿಯೆಲ್ಲ ನೋಡತಾರ, ನನ್ನ ಕುಪ್ಪಸರೀ ಅದು" ಎಂದು ನಾನು ಬಾಗಿಲ ಮರೆಯಲ್ಲಿ ನಿಂತು ಹಲುಬುತ್ತಿದ್ದೆ. "ನೋಡ್ಲಿ ಬಿಡ. ನೀ ಹೆಂಗಸರ ಪಂಕ್ತಿಯೊಳಗ ಹೋಗಿ ಕುಂಡ್ರತಿ, ನಿನ್ನ ತೋಳರ ನನ್ನ ಹೆಗಲ ಮ್ಯಾಲ ಇರ್ಲಿ" ಎನ್ನುತ್ತಿದ್ದರು. ಮಾತು ಕಡಿಮೆಯ ವರ!

ಕೌದಿಯ ಆ ಮೂಲೆಯನ್ನು ನೋಡುತ್ತ ಕುಳಿತಾಗ ನನಗೆ ದಾರದ ಅಂಗಡಿ ನೆನಪಾಯಿತು. ಕುಪ್ಪಸಕ್ಕೆ ದಾರ ತರಲು ಹೋದಾಗ ನಾವು ಯಾರೂ ಬಣ್ಣದ ಹೆಸರು ಹೇಳುವುದಿಲ್ಲ. ಗಿಳಿಹಸಿರು, ಎಲೆಹಸಿರು ಎಂದರೆ ಅಂಗಡಿಯವನಿಗೊಂದು ತಿಳಿಯುತ್ತದೆ, ನಮಗೊಂದು. ಬಟ್ಟೆಯ ಚೂರು ಒಯ್ದು ಮುಂದಿಡುತ್ತೇವೆ. ಅವನು ದಾರದ ಉಂಡೆಗಳನ್ನು ಅದರ ಪಕ್ಕ ಹಿಡಿದು ಹಿಡಿದು ನೋಡುತ್ತಾನೆ, ಕೂಡಿದ್ದನ್ನು ಕೊಡುತ್ತಾನೆ.

"ರೇಷ್ಮಾ," ಎಂದೆ, ದನಿ ನನಗೇ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು, "ರೇಷ್ಮಾ, ನಿನ್ನ ಮಷೀನಿಗೆ ಮುಖಾನ ಬೇಕೇನವಾ? ಬಟ್ಟಿ ತೋರಿಸಿದ್ರ ನಡಿಯಂಗಿಲ್ಲೇನು?"

ರೇಷ್ಮಾ ಕುರ್ಚಿಯಿಂದ ಅರ್ಧ ಎದ್ದಳು. "ಯಾಕ ನಡಿಯಂಗಿಲ್ಲ? ಮುಖದ ಮ್ಯಾಲ ಅದಕ್ಕೇನು ಪ್ರೀತಿ ಐತೇನ್ರಿ?"

ಗೌರಿಯ ತಲೆಯನ್ನು ಮೆಲ್ಲಗೆ ಎತ್ತಿ ತೇಪೆಯ ಫೋಟೋ ತೆಗೆದು ಒಳಗೆ ಹಾಕಿದಳು. ಮೊದಲ ಸಲ ಬಂದದ್ದು ಹಸಿರು ಖಣದ ಕುಪ್ಪಸ ತೊಟ್ಟ ಹೆಂಗಸರು. ಬೀಗತಿಯರು, ಸೋದರತ್ತೆಯರು, ಆರತಿ ಹಿಡಿದವರು, ಮುಗಿಯುವ ಹಾಗೇ ಇರಲಿಲ್ಲ. ನಡುವೆ ಒಂದು ಕಲ್ಲಂಗಡಿ ಹಣ್ಣಿನ ರಾಶಿ, ಒಂದು ಶಾಮಿಯಾನದ ಮೂಲೆ. "ಹಸಿರಂದ್ರ ಇದಕ್ಕ ಇಷ್ಟೊಂದು ಪ್ರೀತೀನ?" ಎಂದು ಶೈಲಾ ನಕ್ಕಳು. ರೇಷ್ಮಾ ಸೋಲಲಿಲ್ಲ. ಬಿಳಿಯ ವಸ್ತ್ರವೂ ಸ್ವಲ್ಪ ಕಾಣುವಂತೆ, ಚೂಪು ಮೂಲೆ ಪೂರ್ತಿ ಬರುವಂತೆ ಮತ್ತೊಮ್ಮೆ ತೆಗೆದಳು. ಬಿಳಿಯ ನಡುವೆ ಹಸಿರು, ಹಸಿರಿಗೆ ಎಲೆಯ ಆಕಾರ. ಗುಂಡಿ ಒತ್ತಿದಳು.

ಮಕ್ಕಳೇ, ನಾನು ಏನೆಂದು ಬರೆಯಲಿ. ಪಂಕ್ತಿಯ ನಡುವೆ ಬೆನ್ನು ತಿರುಗಿಸಿ ನಡೆಯುತ್ತಿರುವವರ ಹೆಗಲ ಮೇಲೆ ನನ್ನ ತೇಪೆ. ಹಾನಗಲ್ಲಿನ ಮದುವೆಯಲ್ಲಿ ಚಪ್ಪರದ ಗೂಟಕ್ಕೆ ಒರಗಿದ ತೇಪೆ. ಯಾರದೋ ಕೂಸನ್ನು ಎತ್ತಿಕೊಂಡ ತೇಪೆ. ಕೂಸು ಅದರ ಮೂಲೆಯನ್ನು ಚೀಪುತ್ತಿದೆ. ಮುಖ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ತೇಪೆ ಮಾತ್ರ ಇದ್ದೇ ಇತ್ತು. ನನ್ನ ಮೊಂಡು ಕತ್ತರಿಯ ವಕ್ರ ಗೆರೆಯನ್ನು ಅಷ್ಟೊಂದು ಮದುವೆಗಳ ಗದ್ದಲದಲ್ಲಿ ಹುಡುಕಿ ಹುಡುಕಿ ತಂದ ಆ ಯಂತ್ರಕ್ಕೆ ದೃಷ್ಟಿ ತೆಗೆಯಬೇಕೆನಿಸಿತು.

ಕೊನೆಗೆ ಅದು ಬಂತು. ಶಿಗ್ಗಾಂವಿಯಲ್ಲಿ ನನ್ನ ತಂಗಿಯ ಮಗಳ ಮದುವೆ, ರೇಷ್ಮಾಳ ಅಪ್ಪನ ಲೆಕ್ಕದಲ್ಲಿ ಕರೆಂಟು ಹೋದ ಮದುವೆ. ಹೋಳಿಗೆಯ ಬುಟ್ಟಿ ಸೊಂಟಕ್ಕೆ ಒತ್ತಿ ನಿಂತಿದ್ದಾರೆ, ತಲೆ ಹಿಂದಕ್ಕೆ ಚೆಲ್ಲಿದೆ, ಬಾಯಿ ತೆರೆದಿದೆ, ಇಲ್ಲದ ಹಲ್ಲುಗಳೆಲ್ಲ ಕಾಣುತ್ತಿವೆ, ಕಣ್ಣು ಮುಚ್ಚಿಹೋಗಿದೆ. ನಗು ನನಗೆ ಕೇಳಿಸಿತು. ಮದುಮಕ್ಕಳು ಇಲ್ಲದ ಫೋಟೋವೆಂದು ಆಲ್ಬಮ್ಮಿಗೆ ಸೇರದೆ ಇಷ್ಟು ವರ್ಷ ಕತ್ತಲಲ್ಲಿ ನಗುತ್ತ ನಿಂತಿದ್ದರು.

ಮಾತಿನ ಸದ್ದಿಗೆ ಗೌರಿ ಎದ್ದಳು. ಕಣ್ಣುಜ್ಜುತ್ತ ಪರದೆಯ ಮುಂದೆ ನಿಂತಳು. "ಈ ಅಜ್ಜ ಯಾರು?"

"ನಿಮ್ಮಜ್ಜನ ನೋಡು."

"ಸಿಟ್ಟಿನ ಅಜ್ಜ?"

"ಅವ್ರ."

ನಂಬಲಿಲ್ಲ. ಪರದೆಗೆ ಮೂಗು ಹಚ್ಚಿ ನೋಡಿದಳು. "ಅಜ್ಜಗ ಹಲ್ಲ ಇಲ್ಲ!" ಎಂದಳು. ಒಂದನೆಯ ಇಯತ್ತೆಗೆ ಹೋಗುವ ಅವಳಿಗೂ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. ಬಾಯಿ ಅಗಲ ತೆರೆದು, ಅಜ್ಜನಿಗೆ ತೋರಿಸಿದಳು. ಇಬ್ಬರೂ ಹಾಗೆ ಬಾಯಿ ತೆರೆದುಕೊಂಡು ಎದುರುಬದುರು ನಿಂತಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಆ ಫೋಟೋದಲ್ಲಿ ಅವರೊಬ್ಬರೇ ಇರಲಿಲ್ಲ. ಅವರ ಮುಂದೆ, ಎಲೆಯ ಮೇಲೆ ಬಾಗಿ, ಎರಡೂ ಕೆನ್ನೆ ಉಬ್ಬುವಂತೆ ಹೋಳಿಗೆ ತುಂಬಿಕೊಂಡು, ಬೆಕ್ಕು ಹಾಲಿನ ಪಾತ್ರೆಯಿಂದ ತಲೆಯೆತ್ತಿದ ಹಾಗೆ ಕಣ್ಣು ಬಿಟ್ಟು ಕುಳಿತ ಒಬ್ಬ ಹೆಂಗಸು ಇದ್ದಳು. ನಾನು ಬೇಡ ಬೇಡವೆಂದರೂ ಅವರು ಇನ್ನೊಂದು ಹೋಳಿಗೆ ಹಾಕಿದ್ದರು, ಕ್ಯಾಮೆರಾ ಬರುತ್ತಿರುವುದನ್ನು ಕಂಡು ನಾನು ಅದನ್ನು ಬಚ್ಚಿಡಲು ಬೇರೆ ಜಾಗ ಸಿಗದೆ ಬಾಯಿಗೆ ತುರುಕಿದ್ದೆ. ಅವರು ನಗುತ್ತಿದ್ದುದು ಅದಕ್ಕೇ.

"ನನ್ನ ತಗದು ಬಿಡವಾ" ಎಂದೆ. ರೇಷ್ಮಾ ಚಕಚಕನೆ ನನ್ನನ್ನು ಅಳಿಸಿದಳು. ಈಗ ಅವರು ಖಾಲಿ ನೆಲದ ಮುಂದೆ ಒಬ್ಬರೇ ನಿಂತು ನಗುತ್ತಿದ್ದರು. ಗೌರಿ ಹುಬ್ಬು ಗಂಟಿಕ್ಕಿದಳು, ಥೇಟು ಹಳೆಯ ಫೋಟೋದ ಹಾಗೆ. "ಅಜ್ಜ ಯಾರ್ನ ನೋಡಿ ನಗಾಕತ್ತಾನ? ತಲಿ ಕೆಟ್ಟೈತೇನು?"

"ನೋಡಿದ್ರೇನ್ರಿ ಅತ್ತಿ," ಎಂದಳು ಶೈಲಾ, "ಮೊದಲ ಸಿಟ್ಟಿನ ಅಜ್ಜ, ಈಗ ಹುಚ್ಚ ಅಜ್ಜ. ನೀವ ಕುಂಡ್ರಬೇಕ್ರಿ ಅಲ್ಲಿ, ಬ್ಯಾರೆ ದಾರಿ ಇಲ್ಲ." ರೇಷ್ಮಾ ನನ್ನನ್ನು ಹೋಳಿಗೆ ಸಮೇತ ತಂದು ಮತ್ತೆ ಕೂರಿಸಿದಳು.

ಹಾಗೆ ಆ ಫೋಟೋ ಗೋಡೆಯೇರಿತು. ವರ್ಷದ ಪೂಜೆಗೆ ಬಂದ ಬೀಗರು ಮೊದಲು ಅವರಿಗೆ ಕೈ ಮುಗಿದರು, ಆಮೇಲೆ ನನ್ನ ಕೆನ್ನೆ ನೋಡಿ ನಕ್ಕರು. ನಲವತ್ತು ಮಂದಿಯ ಪಂಕ್ತಿಯಲ್ಲೂ ಸೆರಗಿನ ಮರೆಯಲ್ಲೇ ಉಂಡ ನಾನು, ಈಗ ಪಡಸಾಲೆಗೆ ಬಂದವರೆಲ್ಲರ ಎದುರು ಹಗಲಿಡೀ ಬಾಯಿ ತುಂಬ ಉಣ್ಣುತ್ತೇನೆ. ಗೌರಿ ಅಜ್ಜನಿಗೆ ಹೆದರುವುದನ್ನು ಬಿಟ್ಟಿದ್ದಾಳೆ. ಶಾಲೆಗೆ ಹೋಗುವಾಗ ಹಲ್ಲು ತೋರಿಸಿ ಹೋಗುತ್ತಾಳೆ. ಊಟಕ್ಕೆ ಹಟ ಮಾಡಿದರೆ ಶೈಲಾ ಈಗ ನನ್ನ ಕಡೆ ಬೆರಳು ತೋರಿಸುತ್ತಾಳೆ: "ಅಜ್ಜೀನ ನೋಡು, ಹೆಂಗ ತಿನ್ನಾಕತ್ತಾಳ!"

ಒಂದೇ ತೊಡಕು, ಹಾರದ್ದು. ಹೋದವರ ಫೋಟೋಕ್ಕೆ ಹಾರ ಬೇಕು, ಇದ್ದವರ ಫೋಟೋಕ್ಕೆ ಹಾರ ಹಾಕುವಂತಿಲ್ಲ. ಒಂದೇ ಚೌಕಟ್ಟಿನಲ್ಲಿ ಇಬ್ಬರೂ ಇದ್ದೇವೆ. ಪೂಜೆಯ ದಿನ ಹಾರ ಪೂರ್ತಿ ಹಾಕಿದ್ದನ್ನು ನೋಡಿ ಒಬ್ಬ ದೂರದ ಬೀಗತಿ, ಫೋಟೋದಲ್ಲಿನ ನನ್ನ ಮುಖಕ್ಕೆ ಬೆರಳು ತೋರಿಸಿ, "ಅಯ್ಯ ಶಿವನ, ಇವ್ರು ಯಾವಾಗ ಹೋದ್ರು? ನಮಗ ಸುದ್ದೀನ ಇಲ್ಲ" ಎಂದು ನನ್ನನ್ನೇ ಕೇಳಿದಳು. ಅವಳಿಗೆ ಚಹಾ ಕೊಟ್ಟು ಸಮಾಧಾನ ಮಾಡಿದೆ. ಈಗ ಹಾರವನ್ನು ಅವರ ಕಡೆಯ ಮೂಲೆಗೆ ಮಾತ್ರ, ಹೆಗಲ ಮೇಲಿನ ತೇಪೆ ಕಾಣುವಂತೆ ತೂಗುಹಾಕಿದ್ದೇನೆ. ಫ್ಯಾನು ಹಾಕಿದಾಗಲೆಲ್ಲ ಅದು ಮೆಲ್ಲಗೆ ನನ್ನ ಕಡೆ ಸರಿಯುತ್ತದೆ. ಅವರು ನಗುತ್ತಲೇ ಇರುತ್ತಾರೆ. ನಾನು ಎದ್ದು ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ತಡೀರಿ, ಬಾಯಾಗಿಂದು ಇನ್ನ ನುಂಗಿಲ್ಲ" ಎಂದು ಹೇಳಿ ಹಾರವನ್ನು ಅವರ ಕಡೆಗೇ ಸರಿಸಿ ಬರುತ್ತೇನೆ.